ಎರಡು ವರ್ಷದ ಮಗುವಿನೊಂದಿಗೆ ಸಿಂಗಪುರದಿಂದ ಕ್ರೂಸ್: ಎರಡು ಸೂಟ್‌ಕೇಸಿನಲ್ಲಿ ಮುಗಿಸಬಹುದೇ?

ಪ್ರಶ್ನೆ: ಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮತ್ತು ಎರಡು ವರ್ಷ ತುಂಬಿದ ಮಗಳು ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಹೊರಡುವ ಹಡಗಿನಲ್ಲಿ ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ನಾಲ್ಕು ರಾತ್ರಿಗಳ ಬಳಿಕ ಸಿಂಗಪುರಕ್ಕೇ ಮರಳುವವರಿದ್ದೇವೆ. ಕಿಟಕಿಯಿಲ್ಲದ ಒಳಕೋಣೆಯನ್ನು ಕಾದಿರಿಸಿರುವುದರಿಂದ ಸಾಮಾನು ಹರಡಲು ಜಾಗವಿರುವುದಿಲ್ಲ; ಆದ್ದರಿಂದ ಮೂವರಿಗೂ ಸೇರಿ ಮಧ್ಯಮ ಗಾತ್ರದ ಎರಡು ಸೂಟ್‌ಕೇಸ್ ಮತ್ತು ಒಂದು ಬೆನ್ನುಚೀಲ ಸಾಕೆಂದು ತೀರ್ಮಾನಿಸಿದ್ದೆವು. ಆದರೆ ಮಗಳ ಬಟ್ಟೆ, ಡೈಪರ್, ರಾಗಿ ಹಿಟ್ಟು, ಎಲೆಕ್ಟ್ರಿಕ್ ಕೆಟಲ್, ಗಾಳಿ ತುಂಬುವ ಈಜುಬಳೆ, ಆಟಿಕೆ ಎಲ್ಲವನ್ನೂ ಮಂಚದ ಮೇಲೆ ಹರಡಿ ನೋಡಿದರೆ ಅವಳೊಬ್ಬಳಿಗೇ ಒಂದು ಸೂಟ್‌ಕೇಸ್ ಬೇಕಾಗುವಂತಿದೆ. ಇದರ ಮೇಲೆ ಹಡಗಿನ ಔತಣಕ್ಕೆಂದು ಒಂದು ರೇಷ್ಮೆ ಸೀರೆಯನ್ನಾದರೂ ಇಟ್ಟುಕೊಳ್ಳಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ. ಮಗಳಿಗೆ ಇನ್ನೂ ಡೈಪರ್ ಬಿಡಿಸಿಲ್ಲ, ರಾತ್ರಿ ರಾಗಿ ಸರಿ ಇಲ್ಲದೆ ಮಲಗುವುದೂ ಇಲ್ಲ. ಯಾವುದನ್ನು ನಿಶ್ಚಿಂತೆಯಿಂದ ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಿಂಗಪುರವಾಸಿ

ಮೇಡಂ, ನಾವು ಇಲ್ಲೇ ನೆಲೆಸಿರುವುದರಿಂದ ಮಕ್ಕಳು ಚಿಕ್ಕವರಿದ್ದಾಗಿನಿಂದ ಈ ಮಾರ್ಗದ ಹಡಗುಗಳಲ್ಲಿ ಓಡಾಡಿದ್ದೇವೆ. ಎಷ್ಟು ದಿನದ ಪ್ರಯಾಣ ಎಂಬ ಲೆಕ್ಕದಲ್ಲಿ ಸಾಮಾನು ಕಟ್ಟಲು ಕುಳಿತರೆ ಅದು ಬೆಳೆಯುತ್ತಲೇ ಹೋಗುತ್ತದೆ. ನಿಮ್ಮ ಸೂಟ್‌ಕೇಸ್ ನಿಮ್ಮ ಕೈಯಲ್ಲಿ ಇಲ್ಲದಿರುವ ಹೊತ್ತು ಯಾವುದು ಎಂದು ಮೊದಲು ಕೇಳಿಕೊಳ್ಳಿ. ಬಂದರಿನಲ್ಲಿ ಸೂಟ್‌ಕೇಸುಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಒಪ್ಪಿಸಿದ ಮೇಲೆ ಅವು ಕೋಣೆಯ ಬಾಗಿಲಿಗೆ ಬರುವುದು ಎಷ್ಟೋ ಸಲ ಸಂಜೆಗೇ. ಕೊನೆಯ ರಾತ್ರಿ ಇದೇ ಕ್ರಮ ತಿರುಗುಮುರುಗಾಗಿ, ಮಲಗುವ ಮುನ್ನ ಸೂಟ್‌ಕೇಸನ್ನು ಬಾಗಿಲ ಹೊರಗಿಡಬೇಕಾಗುತ್ತದೆ. ಅದು ಮತ್ತೆ ಸಿಗುವುದು ಬೆಳಿಗ್ಗೆ ಕೆಳಗಿಳಿದ ಮೇಲೆ. ಈ ಎರಡು ಅವಧಿಗೆ ಬೇಕಾದ ಡೈಪರ್, ಎರಡು ಜೊತೆ ಬಟ್ಟೆ, ಔಷಧಿ, ತಿನಿಸು ಮತ್ತು ಅವಳು ಅಪ್ಪಿಕೊಂಡು ಮಲಗುವ ಬೊಂಬೆ ಬೆನ್ನುಚೀಲದಲ್ಲಿದ್ದರೆ ಅರ್ಧ ಚಿಂತೆ ಕಳೆಯಿತು. ಪಾಸ್‌ಪೋರ್ಟುಗಳನ್ನು ಸೂಟ್‌ಕೇಸಿಗೆ ಹಾಕಿ ಒಪ್ಪಿಸಿಬಿಟ್ಟು ಬಂದರಿನಲ್ಲಿ ಪರದಾಡುವವರನ್ನು ಇಂದಿಗೂ ಕಾಣುತ್ತೇವೆ. ಸೂಟ್‌ಕೇಸುಗಳು ಎರಡೇ ಆಗಿ, ನೀವೇ ಎಳೆದುಕೊಂಡು ಇಳಿಯುವುದಾಗಿ ಮೊದಲೇ ತಿಳಿಸಿದರೆ, ಬಹಳಷ್ಟು ಹಡಗುಗಳಲ್ಲಿ ಕೊನೆಯ ರಾತ್ರಿ ಅವನ್ನು ಹೊರಗಿಡುವ ಗೊಡವೆಯೇ ಇರುವುದಿಲ್ಲ. ಸಾಮಾನು ಹಗುರಾಗಿರುವುದರ ನಿಜವಾದ ಲಾಭ ಅಲ್ಲಿದೆ.

ಇನ್ನು ಬಿಡಬೇಕಾದುದು. ಕೆಟಲ್ ಮತ್ತು ಇಸ್ತ್ರಿಪೆಟ್ಟಿಗೆಯನ್ನು ಬೆಂಕಿಯ ಭಯದಿಂದ ಹಡಗಿಗೆ ಒಯ್ಯಗೊಡುವುದಿಲ್ಲ. ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಎಕ್ಸ್‌ಟೆನ್ಶನ್ ಬಾಕ್ಸಿಗೂ ಸಾಮಾನ್ಯವಾಗಿ ಇದೇ ಗತಿ. ಇಸ್ತ್ರಿಯೇ ಇಲ್ಲದೆಡೆ ರೇಷ್ಮೆ ಸೀರೆ ಒಯ್ಯುವುದು ನಿಮ್ಮ ಅತ್ತೆಯವರಿಗೂ ಇಷ್ಟವಾಗಲಾರದು. ಸುಕ್ಕು ಬೀಳದ ಕ್ರೇಪ್ ಸೀರೆ ಒಂದಿದ್ದರೆ ಔತಣಕ್ಕೂ ಆಯಿತು, ಸುರುಳಿ ಸುತ್ತಿದರೆ ಅಂಗೈಯಗಲದ ಜಾಗವೂ ಬೇಡ. ಈಜುಬಳೆಯನ್ನೂ ಮನೆಯಲ್ಲೇ ಬಿಡಿ. ಶೌಚದ ಅಭ್ಯಾಸವಾಗದ ಮಕ್ಕಳನ್ನು, ಈಜುವ ಡೈಪರ್ ಹಾಕಿದ್ದರೂ, ಹೆಚ್ಚಿನ ಹಡಗುಗಳ ಮುಖ್ಯ ಈಜುಕೊಳಕ್ಕೆ ಇಳಿಸುವುದಿಲ್ಲ. ಪುಟ್ಟ ಮಕ್ಕಳಿಗೆಂದೇ ನೀರು ಚಿಮ್ಮುವ ಜಾಗವಿದ್ದರೆ ಅಲ್ಲಿ ಮಾತ್ರ ಬಿಡುತ್ತಾರೆ. ಮಗುವಿನ ಮಂಚವನ್ನು ಮುಂಚಿತವಾಗಿ ಕೇಳಿಕೊಂಡರೆ ಕೋಣೆಗೇ ತಂದಿಡುತ್ತಾರೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೂಡ ಹಡಗಿನಲ್ಲೇ ಇರುತ್ತದೆ.

ಡೈಪರ್‌ಗಳನ್ನು ಬೆಂಗಳೂರಿನಿಂದ ಹೊತ್ತು ತರಬೇಡಿ. ಇಲ್ಲಿ ಒಂದು ರಾತ್ರಿ ತಂಗುವವರಾದ್ದರಿಂದ ಹೋಟೆಲಿನ ಬಳಿಯ ಫೇರ್‌ಪ್ರೈಸ್ ಎಂಬ ಸೂಪರ್‌ಮಾರ್ಕೆಟಿನಲ್ಲಿ ಒಂದು ಪ್ಯಾಕೆಟ್ ಕೊಂಡರೆ ಸಾಕು. ಹಡಗಿನ ಅಂಗಡಿಯನ್ನು ಮಾತ್ರ ನಂಬಬೇಡಿ. ಅಲ್ಲಿ ನಿಮ್ಮ ಅಳತೆ ಸಿಕ್ಕರೆ ಅದೃಷ್ಟ, ಸಿಕ್ಕರೂ ಬೆಲೆ ಹೆಚ್ಚು. ಸಾಮಾನಿನ ಮಾತಲ್ಲದಿದ್ದರೂ ಒಂದನ್ನು ಹೇಳಿಬಿಡುತ್ತೇನೆ: ಹಡಗಿನಲ್ಲಿ ಹೊರಟು ಮತ್ತೆ ಸಿಂಗಪುರಕ್ಕೇ ಬರುವವರಾದ್ದರಿಂದ ನಿಮ್ಮ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅನುಮತಿಸುವಂಥದ್ದೇ ಎಂದು, ಮಗಳದೂ ಸೇರಿದಂತೆ, ಇಂದೇ ನೋಡಿಕೊಳ್ಳಿ.

ಉತ್ತರ: ಮಂಗಳೂರಿನ ಟೀಚರ್

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಬಟ್ಟೆಯ ವಿಷಯ ಉಳಿದಿದೆ. ಮಗುವಿಗೆ ದಿನಕ್ಕೆ ಮೂರು ಜೊತೆಯಂತೆ ಕಟ್ಟುವ ಬದಲು ಬೇಗ ಒಣಗುವ ತೆಳು ಹತ್ತಿಯ ಐದಾರು ಜೊತೆ ಇಟ್ಟುಕೊಂಡು ರಾತ್ರಿ ಒಗೆದು ಹಾಕುವುದು ಸುಲಭ. ಬಹಳಷ್ಟು ಹಡಗುಗಳ ಬಚ್ಚಲಲ್ಲಿ ಶವರಿನ ಮೇಲೆ ಗೋಡೆಯಿಂದ ಎಳೆದು ಎದುರು ಗೋಡೆಗೆ ಸಿಕ್ಕಿಸುವ ಹಗ್ಗವೊಂದಿರುತ್ತದೆ. ಆದರೆ ಬಚ್ಚಲಲ್ಲಿ ಗಾಳಿಯಾಡದು; ಹಿಂಡಿದ ಬಟ್ಟೆಯನ್ನು ಹಾಗೆಯೇ ನೇತುಹಾಕಿದರೆ ಬೆಳಿಗ್ಗೆಯೂ ಹಸಿಯಾಗಿಯೇ ಇರುತ್ತದೆ. ಹಡಗಿನವರು ಕೊಡುವ ದಪ್ಪ ಟವೆಲನ್ನು ಹಾಸಿಗೆಯ ಮೇಲೆ ಹರಡಿ, ಒಗೆದ ಅಂಗಿಯನ್ನು ಅದರ ಮೇಲಿಟ್ಟು ಚಾಪೆಯಂತೆ ಸುರುಳಿ ಸುತ್ತಿ, ಎರಡೂ ತುದಿ ಹಿಡಿದು ಬಲವಾಗಿ ತಿರುಚಿದರೆ ನೀರೆಲ್ಲ ಟವೆಲಿಗೆ ಹೋಗುತ್ತದೆ, ಆಮೇಲೆ ಎ.ಸಿ. ಗಾಳಿ ಬೀಳುವ ಕಡೆ ಹಾಕಿದರೆ ಬೆಳಗಾಗುವಷ್ಟರಲ್ಲಿ ತೊಡಲು ಸಿದ್ಧ. ಕೋಣೆಯ ಗೋಡೆಗಳು ಸಾಮಾನ್ಯವಾಗಿ ಲೋಹದವು, ಆದ್ದರಿಂದ ಅಯಸ್ಕಾಂತದ ನಾಲ್ಕು ಕೊಕ್ಕೆಗಳಿದ್ದರೆ ಬಟ್ಟೆ, ಟೋಪಿ, ಚೀಲ ಎಲ್ಲವೂ ಗೋಡೆಗೇರುತ್ತವೆ. ಬಿಚ್ಚಿದ ಸೂಟ್‌ಕೇಸುಗಳು ಮಂಚದ ಕೆಳಗೆ ಹೋಗುತ್ತವೆ. ಜೀನ್ಸ್ ಮಾತ್ರ ಬೇಡ, ಮಗುವಿಗೂ ಬೇಡ, ನಿಮಗೂ ಬೇಡ.

ಹಳೆಯ ಪಾಣಿಪಂಚೆ ಎರಡನ್ನು ಖಂಡಿತ ಇಟ್ಟುಕೊಳ್ಳಿ. ಹೊದಿಕೆ, ಬಿಸಿಲಿಗೆ ಮರೆ, ಮಗುವಿನ ಮೈ ಒರೆಸುವ ಬಟ್ಟೆ, ವಿಮಾನದಲ್ಲಿ ದಿಂಬು, ಹೀಗೆ ಎಲ್ಲಕ್ಕೂ ಆಗುತ್ತದೆ, ಒಣಗುವುದಕ್ಕೆ ಹೊತ್ತೂ ಬೇಕಿಲ್ಲ. ಹೊರಗೆ ಎಷ್ಟೇ ಸೆಕೆಯಿದ್ದರೂ ಹಡಗಿನ ಊಟದ ಸಭಾಂಗಣದಲ್ಲಿ ಚಳಿಯಾಗುವಷ್ಟು ಎ.ಸಿ. ಇರುವುದರಿಂದ ಒಂದು ತೆಳು ಸ್ವೆಟರ್, ಡಿಸೆಂಬರ್ ಸಿಂಗಪುರದಲ್ಲಿ ಮಳೆಗಾಲವಾದ್ದರಿಂದ ಒಂದು ಮಡಚುವ ಕೊಡೆ ಇರಲಿ. ಒಳಕೋಣೆಯಲ್ಲಿ ದೀಪ ಆರಿಸಿದರೆ ಕೈ ಕಾಣದ ಕತ್ತಲೆ. ಬ್ಯಾಟರಿಯ ಪುಟ್ಟ ದೀಪವೊಂದು ಬೇಕೇ ಬೇಕು.

ಔಷಧಿಯಲ್ಲಿ ಮಾತ್ರ ಜಿಪುಣತನ ಸಲ್ಲದು. ಹಡಗಿನ ವೈದ್ಯರಿಗೆ ಪ್ರತ್ಯೇಕ ಶುಲ್ಕವಿದೆ, ಅದೂ ಕಡಿಮೆಯದಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್, ಓ.ಆರ್.ಎಸ್., ಥರ್ಮಾಮೀಟರ್ ಮತ್ತು ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ನೆಲ ಅಡ್ಡವಿರುವುದರಿಂದ ಕಡಲು ಸಾಮಾನ್ಯವಾಗಿ ಶಾಂತವೇ. ಆದರೂ ವಾಕರಿಕೆಯ ಔಷಧಿಯನ್ನು ಮಕ್ಕಳ ವೈದ್ಯರಿಂದ ಕೇಳಿಯೇ ಪಡೆಯಿರಿ, ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬಾರದು. ಸ್ಯಾನಿಟೈಜರಿನ ದೊಡ್ಡ ಬಾಟಲಿ ಬೇಡ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನಾರೊವೈರಸ್‌ಗೆ ಅದಕ್ಕಿಂತ ಸೋಪು ಮತ್ತು ನೀರೇ ಪರಿಣಾಮಕಾರಿ.

ಉತ್ತರ: ಹುಬ್ಬಳ್ಳಿಯ ಅಪ್ಪ

ಸ್ಟ್ರಾಲರಿನ ಬಗ್ಗೆ ಯಾರೂ ಬರೆದಿಲ್ಲವಲ್ಲ! ನನ್ನ ಮಟ್ಟಿಗೆ ಅದು ಬೇಡ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನಿನ ಸ್ವೆಟೆನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುವುದರಿಂದ ಹಳೆಯ ಪೇಟೆಗೆ ನಡೆದೇ ಹೋಗಬಹುದು, ಆದರೆ ಅಂಗಡಿಸಾಲಿನ ಮುಂದಿನ ಮೊಗಸಾಲೆಗಳಲ್ಲಿ ಹತ್ತು ಹೆಜ್ಜೆಗೊಂದು ಮೆಟ್ಟಿಲು, ನಡುವೆ ನಿಲ್ಲಿಸಿದ ಬೈಕು. ಗಾಡಿಯನ್ನು ತಳ್ಳುವುದಕ್ಕಿಂತ ಎತ್ತುವುದೇ ಹೆಚ್ಚಾಗುತ್ತದೆ. ಫುಕೆಟ್‌ನಲ್ಲಿ ಎಷ್ಟೋ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಮುಟ್ಟಿಸುತ್ತವೆ. ಅಲ್ಲಿ ಎರಡೂ ಕೈ ಬಿಡುವಾಗಿರಬೇಕು. ಮಗುವನ್ನು ಎದೆಗೋ ಬೆನ್ನಿಗೋ ಕಟ್ಟಿಕೊಳ್ಳುವ ಕ್ಯಾರಿಯರ್ ಒಂದೇ ಸಾಕು. ಚಾಂಗಿ ವಿಮಾನ ನಿಲ್ದಾಣದೊಳಗೆ ಸ್ಟ್ರಾಲರ್ ಉಚಿತವಾಗಿಯೇ ಸಿಗುತ್ತದೆ.

ಉತ್ತರ: ಸಿಂಗಪುರವಾಸಿ

ಹುಬ್ಬಳ್ಳಿಯವರು ಬಂದರುಗಳ ಬಗ್ಗೆ ಹೇಳಿದ್ದು ಸರಿ. ಆದರೆ ಎರಡು ವರ್ಷದ ಮಗು ಮಧ್ಯಾಹ್ನ ನಿದ್ದೆ ಮಾಡುವ ಮಗು. ಅವಳು ನಿದ್ದೆಹೋದಾಗ ಹನ್ನೆರಡು ಕಿಲೋ ಹೊತ್ತು ನಿಲ್ಲುವುದಕ್ಕಿಂತ, ಕೊಡೆಯಂತೆ ಮಡಚುವ ಹಗುರವಾದ ಸ್ಟ್ರಾಲರ್ ಇದ್ದರೆ ಅಪ್ಪ ಅಮ್ಮ ಡೆಕ್ಕಿನಲ್ಲಿ ಕುಳಿತು ಕಾಫಿಯನ್ನಾದರೂ ಕುಡಿಯಬಹುದು. ಇಲ್ಲಿನ ಎಂ.ಆರ್.ಟಿ. (ಮೆಟ್ರೋ ರೈಲು) ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಕೋಣೆಯ ಹೊರಗಿನ ಓಣಿಯಲ್ಲಿ ಅದನ್ನು ನಿಲ್ಲಿಸಗೊಡುವುದಿಲ್ಲ, ಹಾಗಾಗಿ ಮಡಚಿ ಕಪಾಟಿನಲ್ಲಿ ನಿಲ್ಲುವಂಥದ್ದೇ ಆಗಬೇಕು. ಅಂಥದ್ದು ಮನೆಯಲ್ಲಿಲ್ಲವಾದರೆ ಇದಕ್ಕಾಗಿ ಹೊಸದನ್ನು ಕೊಳ್ಳಬೇಡಿ, ಕ್ಯಾರಿಯರಿನಲ್ಲೇ ನಿಭಾಯಿಸಿ.

ಜಯನಗರದ ಅಮ್ಮ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಕೆಟಲ್, ಈಜುಬಳೆ, ರೇಷ್ಮೆ ಸೀರೆ ಮತ್ತು ಡೈಪರ್ ಕಟ್ಟು ಹೊರಬಿದ್ದ ಮೇಲೆ ಸೂಟ್‌ಕೇಸ್ ಒತ್ತದೆಯೇ ಮುಚ್ಚುತ್ತಿದೆ. ಕೆಟಲ್ ಇಲ್ಲದ ಮೇಲೆ ರಾಗಿ ಸರಿಯ ಗತಿಯೇನು ಎಂಬುದೊಂದು ಉಳಿದಿದೆ. ಅಮ್ಮ ಮನೆಯಲ್ಲೇ ಮೊಳಕೆ ಕಟ್ಟಿ, ಹುರಿದು, ಬೀಸಿ ಕೊಟ್ಟ ಹಿಟ್ಟು ಡಬ್ಬಿಯಲ್ಲಿದೆ.

ಉತ್ತರ: ಮಂಗಳೂರಿನ ಟೀಚರ್

ಆ ಹಿಟ್ಟು ಮನೆಯಲ್ಲೇ ಇರಲಿ. ಮನೆಯಲ್ಲಿ ಮಾಡಿದ, ಚೀಟಿಯಿಲ್ಲದ ಆಹಾರವನ್ನು ಹಡಗಿನವರು ಬೇಡವೆನ್ನುವ ಸಂಭವವೇ ಹೆಚ್ಚು. ಒಳಗೆ ಬಿಟ್ಟರೂ ಒಲೆಯಿಲ್ಲದೆ ಅದನ್ನು ಬೇಯಿಸುವಂತಿಲ್ಲ. ಬಿಸಿನೀರು ಬೆರೆಸಿದರೆ ಸಾಕಾಗುವ, ಕಂಪನಿಯ ಸೀಲ್ ಒಡೆಯದ ರಾಗಿ ಸೀರಿಯಲ್ ಪ್ಯಾಕೆಟನ್ನು ಒಯ್ಯಿರಿ, ಜೊತೆಗೆ ಅರ್ಧ ಲೀಟರಿನ ಫ್ಲಾಸ್ಕ್. ಊಟದ ಮಹಡಿಯಲ್ಲಿ ಚಹಾಕ್ಕೆಂದು ಇಟ್ಟಿರುವ ಯಂತ್ರದಿಂದ ರಾತ್ರಿ ಊಟ ಮುಗಿಸಿ ಏಳುವಾಗ ಬಿಸಿನೀರು ತುಂಬಿಸಿಕೊಂಡರೆ ಮಲಗುವ ಹೊತ್ತಿಗೆ ಸರಿಯಾಗುತ್ತದೆ. ಆ ಸೀರಿಯಲ್‌ನ ರುಚಿಗೆ ಅವಳು ಮುಖ ತಿರುಗಿಸಬಹುದು. ಆದ್ದರಿಂದ ಹೊರಡುವ ಎರಡು ವಾರ ಮೊದಲೇ ಮನೆಯ ಸರಿಯಲ್ಲಿ ಒಂದೊಂದು ಚಮಚ ಬೆರೆಸಿ ರೂಢಿ ಮಾಡಿಸಿ.