ಮಕ್ಕಳ ಪಾಲನಾ ಸಂಸ್ಥೆಗಳನ್ನು ಪ್ರಶ್ನಿಸುವ ಕೆಲಸಕ್ಕೆ ದುಡ್ಡು ಹೊಂದಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ನಮ್ಮ ಜಿಲ್ಲೆಯಲ್ಲಿ ಏಳೆಂಟು ಜನ ಸೇರಿಕೊಂಡಿದ್ದೇವೆ. ನಿವೃತ್ತ ಶಿಕ್ಷಕರಿದ್ದಾರೆ, ಒಬ್ಬ ವಕೀಲರಿದ್ದಾರೆ, ಬಾಲಮಂದಿರದಲ್ಲೇ ಬೆಳೆದು ಈಗ ದುಡಿಯುತ್ತಿರುವ ಹುಡುಗರೂ ಇದ್ದಾರೆ. ಆಶ್ರಮ ತೆರೆಯುವ ಯೋಚನೆ ನಮಗಿಲ್ಲ. ಇರುವ ಸಂಸ್ಥೆಗಳು, ಫಾಸ್ಟರ್ ಕೇರ್ (ಮಗುವನ್ನು ಬೇರೊಂದು ಕುಟುಂಬದಲ್ಲಿಟ್ಟು ನೋಡಿಕೊಳ್ಳುವುದು), ಆಸರೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ, ಇವೆಲ್ಲ ಕಾಯ್ದೆ ಹೇಳಿದಂತೆ ನಡೆಯುತ್ತಿವೆಯಾ ಎಂದು ಕೇಳುವುದಷ್ಟೇ ಕೆಲಸ. ಅನ್ನದಾನ ಅಂದರೆ ಕೊಡುವವರು ಇದಕ್ಕೆ ಬಿಡಿಗಾಸು ಬಿಚ್ಚುತ್ತಿಲ್ಲ. ಸಂಘ ನೋಂದಾಯಿಸಬೇಕಾ? ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಕೇಳಬಹುದಾ?

ಮಕ್ಕಳ ಹಕ್ಕುಗಳ ಕಾರ್ಯಕರ್ತೆ:
ಬಿಚ್ಚುವುದಿಲ್ಲ, ಬಿಡಿ. ಕಟ್ಟಡಕ್ಕೆ ಕೊಟ್ಟರೆ ಗೋಡೆ ಮೇಲೆ ಹೆಸರು ಬರುತ್ತದೆ. ನಿಮಗೆ ಕೊಟ್ಟರೆ ಯಾರದೋ ಮುನಿಸು ಬರುತ್ತದೆ. ಹಾಗಾಗಿ ದಾನಿಗಳ ಪಟ್ಟಿ ಮಾಡುವುದಕ್ಕಿಂತ ಮೊದಲು ನಿಮಗೆ ಖರ್ಚು ಯಾವುದಕ್ಕೆ ಅಂತ ಬರೆದುಕೊಳ್ಳಿ. ನೀವು ಅಂದುಕೊಂಡಷ್ಟು ಇರುವುದಿಲ್ಲ.

ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಇಂಥ ಸಂಸ್ಥೆಗಳಿಗೆ ಅನ್ವಯಿಸುವ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 54ರಿಂದ ಶುರುಮಾಡಿ. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಸಂಸ್ಥೆಗೆ ಹೋಗಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ವರದಿ ಒಂದು ವಾರದೊಳಗೆ ಸಲ್ಲಿಕೆಯಾಗಬೇಕು. ಯಾವ ಯಾವ ದಿನ ಹೋದರು, ಯಾರು ಯಾರು ಹೋದರು ಎಂದು ಕೇಳಿ. ಈ ಉತ್ತರ ಕೈಗೆ ಬಂದರೆ ಮುಂದೆ ಏನು ಕೇಳಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಫಾಸ್ಟರ್ ಕೇರ್ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆಯಲ್ಲ, ಅದು ಯಾವ ತಿಂಗಳವರೆಗೆ ಪಾವತಿಯಾಗಿದೆ ಎಂಬುದಕ್ಕೆ ಇನ್ನೊಂದು ಅರ್ಜಿ. ಸಂಖ್ಯೆ, ದಿನಾಂಕ ಮಾತ್ರ ಕೇಳಿ. ಮಕ್ಕಳ ಹೆಸರು ಬೇಡವೇ ಬೇಡ.

ಸಿಎಸ್‌ಆರ್ ಆಸೆ ಬಿಡಿ ಎಂದೇ ಹೇಳುತ್ತೇನೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಅನಾಥರಿಗೆ ವಸತಿ ಕಟ್ಟುವುದು ಸ್ಪಷ್ಟವಾಗಿಯೇ ಇದೆ. ಆ ವಸತಿಯನ್ನು ಪ್ರಶ್ನಿಸುವ ಕೆಲಸವನ್ನು ಅದರೊಳಗೆ ಹಿಡಿಸಬೇಕಾದರೆ ಬಣ್ಣ ಹಚ್ಚಬೇಕಾಗುತ್ತದೆ. ಹಚ್ಚಿದ ಮೇಲೆ ಆ ಬಣ್ಣದ ಕೆಲಸವನ್ನೇ ಮಾಡುತ್ತಾ ಕೂರಬೇಕಾಗುತ್ತದೆ. ವಿದೇಶಿ ದೇಣಿಗೆಯ ಬಾಗಿಲೂ ನಿಮಗೆ ಸದ್ಯಕ್ಕಿಲ್ಲ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸ, 15 ಲಕ್ಷ ರೂಪಾಯಿ ಖರ್ಚಿನ ಲೆಕ್ಕ ಬೇಕು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣದಲ್ಲಿ ಸಣ್ಣವರಿಗೆ ಒಂದು ಪಾಲು ದಾಟಿಸುವ ಪದ್ಧತಿಯೂ 2020ರ ತಿದ್ದುಪಡಿಯೊಂದಿಗೆ ನಿಂತುಹೋಯಿತು.

ಇನ್ನೊಂದು ಮಾತು. ಬಿಹಾರದ ಮುಜಫ್ಫರ್‌ಪುರದ ಆಶ್ರಯಧಾಮದಲ್ಲಿ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣ 2018ರಲ್ಲಿ ಹೊರಬಂದಿದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಮಾಡಿದ ಸೋಷಿಯಲ್ ಆಡಿಟ್‌ನಿಂದ, ಅಂದರೆ ಸಂಸ್ಥೆಗಳಿಗೇ ಹೋಗಿ ಮಾಡಿದ ಪರಿಶೀಲನೆಯಿಂದ. ಅದನ್ನು ವಹಿಸಿದ್ದು ಬಿಹಾರ ಸರ್ಕಾರವೇ. ಅಂಥ ದೊಡ್ಡ ಪರಿಶೀಲನೆ ನಿಮ್ಮ ಜೇಬಿನಿಂದ ಆಗುವಂಥದ್ದಲ್ಲ, ಆಗಬೇಕಾಗಿಯೂ ಇಲ್ಲ. ಸ್ವತಂತ್ರ ಮೌಲ್ಯಮಾಪನ ಮಾಡಿಸಲು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 55 ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಮಾಡಿಸಿ ಎಂದು ಬೆನ್ನು ಹತ್ತುವುದಕ್ಕೆ ಎಷ್ಟು ಬೇಕೋ ಅಷ್ಟು ದುಡ್ಡು ಹೊಂದಿಸಿಕೊಳ್ಳಿ.

ಸಂಘವೊಂದರ ಖಜಾಂಚಿ:
ಮೇಡಂ ಹೇಳಿದ್ದು ಸರಿ, ಆದರೆ ಬಸ್ ಚಾರ್ಜು, ಜೆರಾಕ್ಸ್, ರಿಜಿಸ್ಟರ್ಡ್ ಪೋಸ್ಟ್ ಯಾರು ಕೊಡುತ್ತಾರೆ? ಕೊನೆಗೆ ಒಬ್ಬರ ತಲೆ ಮೇಲೇ ಬೀಳುತ್ತದೆ, ಅವರು ಸುಸ್ತಾದ ದಿನ ಸಂಘವೂ ಮುಗಿಯುತ್ತದೆ. ನಾವು ಸದಸ್ಯರಿಂದ ತಿಂಗಳ ವಂತಿಗೆ ಇಟ್ಟುಕೊಂಡಿದ್ದೇವೆ. ಮೊತ್ತ ಸಣ್ಣದು, ಕೊಡದಿದ್ದರೆ ಮತ ಇಲ್ಲ. ವರ್ಷಕ್ಕೊಮ್ಮೆ ಗೊತ್ತಿರುವವರ ಹತ್ತಿರ ಚೀಟಿ ಹರಿದು ಕೊಟ್ಟು ಕೇಳುತ್ತೇವೆ. ಒಬ್ಬರಿಂದ ದೊಡ್ಡ ಮೊತ್ತ ತೆಗೆದುಕೊಳ್ಳುವುದಿಲ್ಲ. ಅವರು ಮುಂದೊಂದು ದಿನ ‘ಆ ಸಂಸ್ಥೆ ವಿಷಯ ಸ್ವಲ್ಪ ಬಿಡಿ’ ಅಂದರೆ ಕಷ್ಟ. ಸಂಸ್ಥೆಗಳಿಗೆ ದಿನಸಿ, ಬಟ್ಟೆ ಪೂರೈಸುವವರಿಂದಲೂ ಬೇಡ. ಇದನ್ನೆಲ್ಲ ಮೊದಲೇ ಬರೆದಿಟ್ಟು ಎಲ್ಲರ ಸಹಿ ಹಾಕಿಸಿ. ದುಡ್ಡು ಎದುರಿಗೆ ಬಂದಾಗ ನಿಯಮ ಮಾಡಲು ಕೂತರೆ ನಿಯಮ ದುಡ್ಡಿನ ಕಡೆಗೇ ವಾಲುತ್ತದೆ.

ಅರ್ಜಿ ಹಾಕುವುದಕ್ಕೆ ನೋಂದಣಿ ಬೇಡ, ಯಾವ ನಾಗರಿಕರಾದರೂ ಹಾಕಬಹುದು. ಹೊರಗಿನವರಿಂದ ದೇಣಿಗೆ ಎತ್ತುವುದಾದರೆ ನೋಂದಾಯಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು, ನೀವು ಇದ್ದೀರಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ ಆಮೇಲೆ ನೋಡಿದರಾಯಿತು.

ಬಾಲಮಂದಿರದಲ್ಲಿ ಬೆಳೆದ ಒಬ್ಬ:
ನಾನು ಬೇರೆ ವಿಷಯ ಹೇಳುತ್ತೇನೆ. ದಯವಿಟ್ಟು ಮಕ್ಕಳ ಫೋಟೊ ಹಾಕಿ ದುಡ್ಡು ಎತ್ತಬೇಡಿ. ಮುಖ ಮಸುಕು ಮಾಡಿದರೂ ಬೇಡ. ಹಿಂದಿನ ಗೇಟು, ಶಾಲೆಯ ಸಮವಸ್ತ್ರ, ಊರು ನೋಡಿದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರಲ್ಲಿ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಪ್ರಶ್ನೆ ಕೇಳಲು ಹೊರಟವರೇ ಅದರಲ್ಲಿ ಸಿಕ್ಕಿಬಿದ್ದರೆ ಸಂಸ್ಥೆಯವರಿಗೆ ಹಬ್ಬ.

ನಿಮ್ಮ ಗುಂಪಿನ ಆ ಹುಡುಗರ ಬಗ್ಗೆಯೂ ಒಂದು ಮಾತು. ದಾನಿಗಳು ಬಂದಾಗಲೆಲ್ಲ ಅವರನ್ನು ನಿಲ್ಲಿಸಿ ‘ನಿಮ್ಮ ಕಥೆ ಹೇಳಿ’ ಅನ್ನಬೇಡಿ. ನನಗೆ ಚಿಕ್ಕಂದಿನಲ್ಲಿ ಸಾಕಷ್ಟು ಸಲ ಹಾಗೆ ನಿಲ್ಲಿಸಿದ್ದಾರೆ, ಹಾಡು ಬೇರೆ ಹೇಳಿಸುತ್ತಿದ್ದರು. ಆ ಹುಡುಗರು ಒಂದು ದಿನ ಕೆಲಸ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ನಿವೃತ್ತರಿಗೆ ಪಿಂಚಣಿ ಇದೆ, ಅವರಿಗಿಲ್ಲ. ಇರುವ ಅಲ್ಪ ದುಡ್ಡಿನಲ್ಲಿ ಮೊದಲ ಪಾಲು ಅವರ ದಿನಗೂಲಿಗೆ ಇಡಿ. ದಾಖಲೆಯಲ್ಲಿ ಎಲ್ಲ ಸರಿ ಇದ್ದರೂ ಒಳಗೆ ಏನು ಕೇಳಬೇಕು, ಯಾವ ಹೊತ್ತಿಗೆ ಯಾರು ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ನಿಮ್ಮ ವಕೀಲರಿಗೂ ಗೊತ್ತಿರಲ್ಲ.

ಕೇಳಿದವರು:
ಇದು ನಮಗೆ ಹೊಳೆದೇ ಇರಲಿಲ್ಲ, ಧನ್ಯವಾದ ತಮ್ಮಾ. ಖಜಾಂಚಿ ಸರ್, ಒಂದು ಸಂದೇಹ. ಇಲ್ಲಿನ ಒಂದು ಸಂಸ್ಥೆಯವರು ‘ನಮ್ಮ ಕಚೇರಿಯಲ್ಲೇ ಕೋಣೆ ಕೊಡುತ್ತೇವೆ, ಬಾಡಿಗೆ ಬೇಡ’ ಅಂತಿದ್ದಾರೆ. ಒಳ್ಳೆಯವರೇ.

ಖಜಾಂಚಿ:
ಒಳ್ಳೆಯವರೇ ಇರಬಹುದು ಸರ್, ಆದರೂ ಬೇಡ. ಜಿಲ್ಲೆಯಲ್ಲಿ ಮಕ್ಕಳ ಸಂಸ್ಥೆಯ ಆಡಳಿತದಲ್ಲಿ ಇರುವವರು ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗುವಂತಿಲ್ಲ ಎಂದು ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯೇ ಹೇಳುತ್ತದೆ. ಸಮಿತಿಗೆ ಇರುವ ಮಡಿ ನಮಗೂ ಇರಲಿ. ಗ್ರಂಥಾಲಯದಲ್ಲೋ ಯಾರದಾದರೂ ಮನೆಯಲ್ಲೋ ಸೇರಿ.

ಜಿಲ್ಲಾ ನ್ಯಾಯಾಲಯದ ವಕೀಲೆ:
ತಡವಾಗಿ ಸೇರಿಸುತ್ತಿದ್ದೇನೆ. ಕೋರ್ಟ್ ಖರ್ಚಿಗೆಂದು ದುಡ್ಡು ಎತ್ತಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಒಂದು ಮಗುವಿನ ವಿಷಯ ಬಂದರೆ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ನೇರ ಅರ್ಜಿ ಕೊಡಿ. ಮುಚ್ಚಿದ ಲಕೋಟೆಯಲ್ಲಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ.