ಎದುರು ಎಳೆಯಿಂದ ಆರ್‌ಎನ್‌ಎ ಬಂದರೆ ಜೀನ್ ಅಡಗಿತು ಅಂತಲೇ ಅರ್ಥವೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ಭತ್ತದ ಸಸಿಗಳಿಗೆ ನೀರು ಕಡಿಮೆ ಮಾಡಿ, ಬೇರಿನ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದ್ದೇವೆ. ಒಂದು ಜೀನಿನ ಜಾಗದಲ್ಲಿ ಡಿಎನ್‌ಎಯ ಎದುರು ಎಳೆಯಿಂದಲೂ (ಆಂಟಿಸೆನ್ಸ್) ರೀಡ್‌ಗಳು, ಅಂದರೆ ಯಂತ್ರ ಓದಿದ ಆರ್‌ಎನ್‌ಎ ತುಣುಕುಗಳು, ಬಂದಿವೆ. ನೀರು ಕಡಿಮೆ ಆದಾಗ ಅವು ಜಾಸ್ತಿ ಆಗುತ್ತವೆ. ಆದರೆ ಜೀನಿನ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಬಳಕೆಯಾಗುವ ಆರ್‌ಎನ್‌ಎ ಪ್ರತಿ) ಇದ್ದಷ್ಟೇ ಇದೆ. "ಆಂಟಿಸೆನ್ಸ್ ಕೆಲಸ ಜೀನನ್ನು ಅಡಗಿಸುವುದು. ಎಂಆರ್‌ಎನ್‌ಎ ಇಳಿದಿಲ್ಲ ಅಂದ್ರೆ ಅದು ಸುಮ್ನೆ ಕಸ, ಬಿಟ್ಟುಬಿಡು" ಅಂತ ಲ್ಯಾಬಿನ ಸೀನಿಯರ್ ಹೇಳುತ್ತಾರೆ. ಬಿಡಬೇಕಾ?

ಉತ್ತರ (ಸಸ್ಯ ಅಣುಜೀವವಿಜ್ಞಾನಿ): ಈಗಲೇ ಬಿಡಬೇಡಮ್ಮ. ನೀನು ಹೇಳಿದ್ದಕ್ಕೆ ತುಂಬಾ ಹತ್ತಿರದ ಒಂದು ಉದಾಹರಣೆ ಭತ್ತದಲ್ಲೇ ಇದೆ.

ಬೇರು ಹೀರಿದ ರಂಜಕವನ್ನು ಮೇಲಿನ ಎಲೆ, ಕಾಂಡಕ್ಕೆ ಕಳಿಸಲು ಭತ್ತಕ್ಕೆ ಪಿಎಚ್‌ಒ1;2 ಎಂಬ ಜೀನ್ ಬೇಕು. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ ಇದರ ಎಂಆರ್‌ಎನ್‌ಎ ಹೆಚ್ಚೂಕಡಿಮೆ ಹಾಗೇ ಇರುತ್ತದೆ, ಪ್ರೋಟೀನ್ ಮಾತ್ರ ಏರುತ್ತದೆ. ಎದುರು ಎಳೆಯ ಆರ್‌ಎನ್‌ಎ ಕೂಡ ಅದೇ ಹೊತ್ತಿಗೆ ಏರುತ್ತದೆ. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಂಡವೊಂದು ಇದನ್ನು ತೋರಿಸಿತು. ಆ ಆಂಟಿಸೆನ್ಸ್ ಆರ್‌ಎನ್‌ಎ ತನ್ನ ಎಂಆರ್‌ಎನ್‌ಎಯನ್ನು ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳ ಕಡೆಗೆ ಒಯ್ಯಲು ನೆರವಾಗುತ್ತದೆ. ಹಾಗಾಗಿ ಅಷ್ಟೇ ಎಂಆರ್‌ಎನ್‌ಎಯಿಂದ ಜಾಸ್ತಿ ಪ್ರೋಟೀನ್ ಆಗುತ್ತದೆ. ಆಂಟಿಸೆನ್ಸನ್ನು ಕುಗ್ಗಿಸಿದ ಗಿಡಗಳಲ್ಲಿ ಪ್ರೋಟೀನ್ ಇಳಿಯಿತು, ಕಾಳಿನ ಇಳುವರಿಯೂ ಇಳಿಯಿತು. ಎಂಆರ್‌ಎನ್‌ಎ ಅಳೆದು ಅಷ್ಟಕ್ಕೇ ಕೈಬಿಟ್ಟಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ನಿನ್ನ ಜೀನ್ ಕೂಡ ಹೀಗೇ ಅಂತ ನಾನು ಹೇಳುತ್ತಿಲ್ಲ. ಪ್ರೋಟೀನ್ ಅಳೆಯದೆ ಕಸ ಅಂತ ತೀರ್ಮಾನ ಮಾಡಬೇಡ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಪ್ರಯೋಗಕ್ಕೆ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎಸ್‌ಆರ್‌ಒ5 ಮತ್ತು ಪಿ5ಸಿಡಿಎಚ್ ಎಂಬ ಎರಡು ಜೀನ್‌ಗಳ ಬಾಲಗಳು ಒಂದರ ಮೇಲೊಂದು ಬರುತ್ತವೆ. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದಾಗ ಎಸ್‌ಆರ್‌ಒ5 ಎದ್ದೇಳುತ್ತದೆ. ಎರಡೂ ಆರ್‌ಎನ್‌ಎಗಳು ಜೋಡಿಯಾಗುತ್ತವೆ. ಆ ಜೋಡಿಯನ್ನು ಡೈಸರ್ ಕಿಣ್ವಗಳು ಸಣ್ಣ ತುಂಡುಗಳಾಗಿ ಕತ್ತರಿಸುತ್ತವೆ. ಆ ತುಂಡುಗಳು ಪಿ5ಸಿಡಿಎಚ್‌ನ ಎಂಆರ್‌ಎನ್‌ಎಯನ್ನು ಕಡಿದುಹಾಕುತ್ತವೆ. ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ದಾರಿಯಲ್ಲಿ ಕೆಲಸ ಮಾಡುವ ಜೀನ್ ಇದು. ಇದು ಇಳಿದಾಗ ಗಿಡದಲ್ಲಿ ಪ್ರೋಲಿನ್ ಉಳಿಯುತ್ತದೆ, ಉಪ್ಪು ತಡೆಯುವ ಶಕ್ತಿ ಬರುತ್ತದೆ. ಇದು 2005ರ ಕೆಲಸ.

ಇನ್ನೊಂದು ಬಗೆಯಲ್ಲಿ ಆರ್‌ಎನ್‌ಎಗಿಂತ ಅದನ್ನು ಬರೆಯುವ ಕ್ರಿಯೆಯೇ ಮುಖ್ಯ. ಅರಾಬಿಡಾಪ್ಸಿಸ್‌ನಲ್ಲೇ ಚಳಿಯಲ್ಲಿ ಸಿಬಿಎಫ್1 ಜೀನ್ ಬೇಗ ಏರಿ, ಆಮೇಲೆ ಇಳಿಯಬೇಕು. ಪಕ್ಕದ ಸ್ವಾಲ್ಕಾ ಎಂಬ ಜಾಗದಿಂದ ಎದುರು ದಿಕ್ಕಿನಲ್ಲಿ ಹೊರಟ ಪಾಲಿಮರೇಸ್ (ಆರ್‌ಎನ್‌ಎ ಬರೆಯುವ ಕಿಣ್ವ) ಸಿಬಿಎಫ್1ರ ಒಳಗೇ ನುಗ್ಗುತ್ತದೆ. ಒಂದೇ ಗಾಡಿ ಹೋಗುವಷ್ಟು ಅಗಲದ ಘಾಟಿ ರಸ್ತೆಯಲ್ಲಿ ಎರಡು ಬಸ್ಸು ಎದುರಾದ ಹಾಗೆ. ಸಿಬಿಎಫ್1ರ ಪ್ರತಿ ಅರ್ಧಕ್ಕೇ ನಿಲ್ಲುತ್ತದೆ.

ಪ್ರಶ್ನೆ (ಪದವಿ ಕಾಲೇಜಿನ ಸಸ್ಯಶಾಸ್ತ್ರ ಉಪನ್ಯಾಸಕ): ಮೇಡಂ, ನಾವು ಪಾಠ ಮಾಡುವುದು ಎಫ್‌ಎಲ್‌ಸಿ ಮತ್ತು ಕೂಲ್‌ಏರ್ ಉದಾಹರಣೆ. ಅಲ್ಲಿ ಆಂಟಿಸೆನ್ಸ್ ಅಡಗಿಸುತ್ತದೆ ಅಲ್ವಾ?

ಉತ್ತರ: ಹೌದು ಸರ್, ಆದರೆ ಆ ಕಥೆ ಇನ್ನೂ ಮುಗಿದಿಲ್ಲ. ಎಫ್‌ಎಲ್‌ಸಿ ಅರಾಬಿಡಾಪ್ಸಿಸ್‌ನಲ್ಲಿ ಹೂ ಬಿಡುವುದನ್ನು ತಡೆಯುವ ಜೀನ್, ಕೂಲ್‌ಏರ್ ಅದರ ಆಂಟಿಸೆನ್ಸ್ ಆರ್‌ಎನ್‌ಎ. ವಾರಗಟ್ಟಲೆ ಚಳಿ ಬಿದ್ದ ಮೇಲೆ ಅದು ಮುಚ್ಚಿಕೊಳ್ಳುತ್ತದೆ, ವಸಂತದಲ್ಲಿ ಹೂ ಬರುತ್ತದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಕ್ಯಾರೊಲಿನ್ ಡೀನ್ ಅವರ ತಂಡ 2009ರಲ್ಲಿ ಒಂದು ವಿಷಯ ಕಂಡಿತು. ಎಫ್‌ಎಲ್‌ಸಿ ಮುಚ್ಚುವುದಕ್ಕೆ ಮೊದಲೇ ಎದುರು ಎಳೆಯಿಂದ ಕೂಲ್‌ಏರ್ ಏರುತ್ತದೆ. ಆಮೇಲೆ ಒಂದೊಂದೇ ಕೋಶವನ್ನು ನೋಡಿದಾಗ, ಜೀನಿನ ಒಂದೇ ಪ್ರತಿಯಿಂದ ಎರಡೂ ದಿಕ್ಕಿನ ಆರ್‌ಎನ್‌ಎ ಒಟ್ಟಿಗೆ ಬರುವುದು ಕಾಣಲಿಲ್ಲ. ಒಂದಿದ್ದರೆ ಇನ್ನೊಂದಿಲ್ಲ. ಆದರೆ ಬೇರೆ ತಂಡಗಳು ಕೂಲ್‌ಏರ್ ಬರದ ಹಾಗೆ ಮಾಡಿದಾಗಲೂ ಎಫ್‌ಎಲ್‌ಸಿ ಚಳಿಗೆ ಮುಚ್ಚಿಕೊಂಡಿತು. ಏರುಪೇರಾಗುವ ಹೊರಗಿನ ಚಳಿಯಲ್ಲಿ ಅದರ ಪಾತ್ರ ದೊಡ್ಡದು ಅನ್ನುವುದು ಡೀನ್ ಅವರ ಕಡೆಯ ವಾದ. ಈ ಚರ್ಚೆಯನ್ನೂ ಮಕ್ಕಳಿಗೆ ಹೇಳಿ ಸರ್. ಇದು ಗೊತ್ತಾದರೆ ಅವರೂ ಪ್ರಶ್ನೆ ಕೇಳುತ್ತಾರೆ.

ಪ್ರಶ್ನೆ (ವಿದ್ಯಾರ್ಥಿನಿ): ಧನ್ಯವಾದ ಮೇಡಂ, ಸ್ವಲ್ಪ ಧೈರ್ಯ ಬಂತು. ಮೊದಲು ಏನು ಮಾಡಲಿ? ದುಡ್ಡು ಜಾಸ್ತಿ ಇಲ್ಲ.

ಉತ್ತರ: ಮೊದಲ ಕೆಲಸಕ್ಕೆ ದುಡ್ಡೇ ಬೇಡ. ರೀಡ್‌ಗಳು ನಿಜವಾಗಿ ಎದುರು ಎಳೆಯವೇ ಅಂತ ಖಾತ್ರಿ ಮಾಡಿಕೊ. ಸೀಕ್ವೆನ್ಸಿಂಗ್ ಮಾಡಿದವರನ್ನು ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧ ಮಾಡಿದ ತುಣುಕುಗಳ ಸಂಗ್ರಹ) ಎಳೆ ಗುರುತಿಸುವಂಥದ್ದೇ ಅಂತ ಕೇಳು. ಅಂಥದ್ದಾದರೂ ತುಂಬಾ ಚುರುಕಾದ ಜೀನ್‌ಗಳಲ್ಲಿ ಒಂದಿಷ್ಟು ರೀಡ್‌ಗಳು ತಪ್ಪು ಎಳೆಗೆ ಸೋರುತ್ತವೆ. ಇದನ್ನು ಹಿಡಿಯಲು ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ಭಾಗ) ದಾಟಿದ ರೀಡ್‌ಗಳನ್ನು ತೆರೆದು ನೋಡು. ಇಂಟ್ರಾನ್ ಸಾಮಾನ್ಯವಾಗಿ ಜಿಟಿ ಎಂಬ ಡಿಎನ್‌ಎ ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ನಿನ್ನ ಆಂಟಿಸೆನ್ಸ್ ರೀಡ್‌ಗಳು ಮೂಲ ಜೀನಿನ ಇಂಟ್ರಾನ್‌ಗಳನ್ನೇ ದಾಟಿ, ಅವುಗಳ ದಿಕ್ಕಿನಲ್ಲಿ ಓದಿದಾಗ ತುದಿಗಳು ಸಿಟಿ, ಎಸಿ ಅಂತ ಕಂಡರೆ ಅದು ನಿಜವಾದ ಆಂಟಿಸೆನ್ಸ್ ಅಲ್ಲ. ಎಂಆರ್‌ಎನ್‌ಎಯ ತಿರುಗುಮುರುಗು ಪ್ರತಿ ಅದು. ಜೊತೆಗೆ ಪಕ್ಕದ ಜೀನನ್ನೂ ನೋಡು. ಎಷ್ಟೋ ಸಲ ಅದರ ಉದ್ದ ಬಾಲವೇ ನಿನ್ನ ಜೀನಿನ ಮೇಲೆ ಹರಡಿರುತ್ತದೆ.

ಇದರಲ್ಲಿ ಪಾಸಾದರೆ ಒಂದು ಎಳೆಗೆ ಮಾತ್ರ ಕೂರುವ ಪ್ರೈಮರ್ (ನಕಲು ಶುರು ಮಾಡಿಸುವ ಸಣ್ಣ ಡಿಎನ್‌ಎ ತುಂಡು) ಹಾಕಿ ಸಿಡಿಎನ್‌ಎ, ಅಂದರೆ ಆರ್‌ಎನ್‌ಎಯ ಡಿಎನ್‌ಎ ನಕಲು, ಮಾಡು. ಪ್ರೈಮರ್ ಹಾಕದ ಒಂದು ಟ್ಯೂಬ್ ಜೊತೆಗೆ ಕಡ್ಡಾಯವಾಗಿ ಇರಲಿ, ಏಕೆಂದರೆ ಆ ನಕಲು ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಪ್ರೈಮರ್ ಇಲ್ಲದೆಯೂ ಶುರು ಮಾಡಿಬಿಡುತ್ತದೆ. ಆಕ್ಟಿನೋಮೈಸಿನ್ ಡಿ ಹಾಕಿದರೆ ಸುಳ್ಳು ಎಳೆ ಕಡಿಮೆಯಾಗುತ್ತದೆ. ಅದು ವಿಷ, ಗ್ಲೌಸ್ ಹಾಕಿಕೊ. ಆಮೇಲೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವಿಧಾನ) ಪ್ರೋಟೀನ್ ನೋಡು. ಆಂಟಿಬಾಡಿ ಸಿಗದಿದ್ದರೆ ಪಾಲಿಸೋಮ್ (ಹಲವು ರೈಬೋಸೋಮ್ ಕೂತ ಎಂಆರ್‌ಎನ್‌ಎ) ಬೇರ್ಪಡಿಸಿ, ಎಂಆರ್‌ಎನ್‌ಎ ಎಷ್ಟು ರೈಬೋಸೋಮ್‌ಗಳ ಜೊತೆ ಇದೆ ಅಂತ ಅಳೆಯಬಹುದು.

ಇಂಟ್ರಾನ್ ತುದಿಗಳ ಸ್ಕ್ರೀನ್‌ಶಾಟ್ ಇಲ್ಲೇ ಹಾಕು, ನಾನೂ ನೋಡುತ್ತೇನೆ.