ನರಹುಲಿಗೆ ಸುಣ್ಣ ಹಚ್ಚಬಹುದೇ? ಚರ್ಮದ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಗೃಹಿಣಿ): ನಮಸ್ಕಾರ ಮೇಡಂ. ಮಗನಿಗೆ ಹನ್ನೊಂದು ವರ್ಷ. ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ ಒಂದು ನರಹುಲಿ ಎದ್ದಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಮೂರಾಗಿವೆ. ನಮ್ಮ ಅತ್ತೆಯವರು ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಚುಕ್ಕೆ ಇಟ್ಟರು. ಸುತ್ತಲಿನ ಚರ್ಮ ಸುಟ್ಟು ಹುಣ್ಣಾಯಿತು, ನರಹುಲಿ ಮಾತ್ರ ಹಾಗೇ ಕುಳಿತಿದೆ. ಅದರ ಬೇರು ನರದವರೆಗೆ ಇಳಿದಿರುತ್ತದೆ, ಕೀಳಿಸಿದರೆ ಬೆರಳು ಮರಗಟ್ಟುತ್ತದೆ ಎಂದು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಹುಣ್ಣು ಮಾಯಲಿ ಅಮ್ಮ. ಸೋಪು ನೀರಿನಲ್ಲಿ ತೊಳೆದು, ವ್ಯಾಸಲೀನ್ ಸವರಿ, ಮೇಲೊಂದು ತೆಳ್ಳನೆಯ ಬಟ್ಟೆ ಕಟ್ಟಿ. ಕೀವು ಕಂಡರೆ ಅಥವಾ ಬೆರಳು ಕೆಂಪಗೆ ಊದಿದರೆ ಕಾಯಬೇಡಿ, ತೋರಿಸಿ. ಸುಣ್ಣಕ್ಕೆ ವಾಷಿಂಗ್ ಸೋಡಾ ಬೆರೆತರೆ ಹುಟ್ಟುವುದು ಕಾಸ್ಟಿಕ್ ಸೋಡಾ. ಅದಕ್ಕೆ ನರಹುಲಿ ಯಾವುದು, ಮಗುವಿನ ಬೆರಳು ಯಾವುದು ಎಂಬ ಭೇದ ತಿಳಿಯದು. ಅತ್ತೆಯವರನ್ನು ದೂರಬೇಡಿ. ನನ್ನ ಅಜ್ಜಿಯೂ ಎಲೆಯಡಿಕೆ ತಟ್ಟೆಯಿಂದಲೇ ಸುಣ್ಣ ತೆಗೆದು ನನ್ನ ಮೊಣಕೈಗೆ ಇಟ್ಟಿದ್ದರು. ಆ ಕಲೆ ಇನ್ನೂ ಇದೆ.

ಇನ್ನು ಬೇರಿನ ಮಾತು. ನರಹುಲಿಗೂ ನರಕ್ಕೂ ಸಂಬಂಧವಿಲ್ಲ, ಹುಲಿಗಂತೂ ಇಲ್ಲವೇ ಇಲ್ಲ. ಇದು ಎಚ್‌ಪಿವಿ ಎಂಬ ವೈರಸ್ಸಿನ ಕೆಲಸ. ಅದು ಚರ್ಮದ ಮೇಲ್ಪದರದಲ್ಲಿ ಮಾತ್ರ ಮನೆ ಮಾಡುತ್ತದೆ. ಅಲ್ಲಿನ ಜೀವಕೋಶಗಳು ಮಿತಿಮೀರಿ ಬೆಳೆದು ಗಂಟು ಕಟ್ಟುತ್ತವೆ. ಆ ಗಂಟು ಕೆಳಗಿನ ಪದರವನ್ನು ಒತ್ತುತ್ತದೆಯೇ ಹೊರತು ಅದನ್ನು ತೂರಿ ಬೇರು ಬಿಡುವುದಿಲ್ಲ. ಹತ್ತಿರದಿಂದ ನೋಡಿದರೆ ಹೂಕೋಸಿನಂಥ ಒರಟು ಮೈ, ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಾಣುತ್ತವೆ. ಜನ ಬೇರು ಎನ್ನುವುದು ಆ ಚುಕ್ಕೆಗಳನ್ನೇ. ನಿಜದಲ್ಲಿ ಅವು ರಕ್ತ ಹೆಪ್ಪುಗಟ್ಟಿದ ಕೂದಲೆಳೆಯಂಥ ರಕ್ತನಾಳಗಳು.

ನನ್ನ ಊಹೆ ಹೇಳಲೇ? ನಿಮ್ಮ ಮಗ ಉಗುರು ಕಚ್ಚುತ್ತಾನೆ.

ಅದೇ ಪ್ರಶ್ನಿಗರು: ಹೌದು ಮೇಡಂ! ಹೋಂವರ್ಕ್ ಮಾಡುವಾಗ ಬೆರಳು ಬಾಯಲ್ಲೇ ಇರುತ್ತದೆ. ಆದರೆ ಮನೆಯಲ್ಲಿ ಬೇರೆ ಯಾರಿಗೂ ನರಹುಲಿ ಇಲ್ಲ. ಇವನಿಗೆ ಎಲ್ಲಿಂದ ಬಂತು?

ಉತ್ತರ: ಎಲ್ಲಿಂದ ಎಂದು ಹುಡುಕಿ ಫಲವಿಲ್ಲ. ವೈರಸ್ ಹೊಕ್ಕು ನರಹುಲಿ ಕಣ್ಣಿಗೆ ಬೀಳಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಬೇಸಿಗೆ ರಜೆಯಲ್ಲಿ ಅಂಟಿದ್ದು ಮಳೆಗಾಲದಲ್ಲಿ ಏಳುತ್ತದೆ. ಅದು ಹೊಕ್ಕುವುದು ಗೀರು ಬಿದ್ದ, ಬಿರಿದ, ನೆನೆದು ಮೆತ್ತಗಾದ ಚರ್ಮದಿಂದ. ಕಚ್ಚಿ ಹರಿದ, ಎಂಜಲಿನಲ್ಲಿ ನೆನೆದ ಉಗುರಂಚಿನಲ್ಲಿ ಇವೆಲ್ಲವೂ ಕೂಡಿಬಂದಿವೆ. ಒಂದು ಬೆರಳಿನಿಂದ ಇನ್ನೊಂದಕ್ಕೆ, ಕೆಲವೊಮ್ಮೆ ತುಟಿಗೂ ಹೀಗೆಯೇ ಹರಡುತ್ತದೆ.

ಹುಣ್ಣು ಪೂರ್ತಿ ಮಾಯ್ದ ಮೇಲೆ ಎರಡು ದಾರಿಗಳಿವೆ. ಒಂದು, ಸುಮ್ಮನಿರುವುದು. ಮಕ್ಕಳ ನರಹುಲಿಗಳಲ್ಲಿ ಸುಮಾರು ಅರ್ಧದಷ್ಟು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ದೇಹದ ರೋಗನಿರೋಧಕ ಶಕ್ತಿ ಒಂದು ದಿನ ವೈರಸ್ಸನ್ನು ಗುರುತಿಸಿಬಿಡುತ್ತದೆ, ಅಷ್ಟೇ. ಇನ್ನೊಂದು, ಸ್ಯಾಲಿಸಿಲಿಕ್ ಆಮ್ಲದ ದ್ರವ. ನಿಮ್ಮ ಮಗನದು ಹರಡುತ್ತಿರುವುದರಿಂದ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಒಮ್ಮೆ ವೈದ್ಯರಿಗೆ ತೋರಿಸಿ 17 ಶೇಕಡಾದ ಆಸುಪಾಸಿನದನ್ನು ಬರೆಸಿಕೊಳ್ಳಿ.

ರಾತ್ರಿ ಊಟವಾದ ಮೇಲೆ ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಿ. ಮೇಲೆ ಬೆಳ್ಳಗಾದ ಪದರವನ್ನು ಉಗುರು ಉಜ್ಜುವ ಅರದಿಂದ ಮೆಲ್ಲಗೆ ತಿಕ್ಕಿ, ರಕ್ತ ಬರಿಸಬೇಡಿ. ಆ ಅರ ಅವನಿಗೇ ಮೀಸಲು, ಬೇರೆಯವರು ಮುಟ್ಟಬಾರದು. ಒರೆಸಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನಿನ ಬೇಲಿ ಹಾಕಿ. ನರಹುಲಿಯ ತಲೆಯ ಮೇಲೆ ಮಾತ್ರ ಒಂದು ಹನಿ ಬಿಡಿ. ಅದು ಒಣಗಿ ಬಿಳಿಯ ಪೊರೆಯಾಗುತ್ತದೆ. ದಿನವೂ ಇಷ್ಟು, ಹನ್ನೆರಡು ವಾರ. ಉರಿ ಹೆಚ್ಚಾದರೆ ಎರಡು ಮೂರು ದಿನ ಬಿಡುವು ಕೊಡಿ. ಸೀಸೆಯ ಮುಚ್ಚಳ ಬಿಗಿಯಾಗಿರಲಿ, ಒಲೆ ಅಥವಾ ದೀಪದ ಹತ್ತಿರ ಇಡಬೇಡಿ, ಆ ದ್ರವ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಹೆಚ್ಚಿನವರು ಮೂರನೆಯ ವಾರಕ್ಕೆ ಬೇಸತ್ತು ಸೀಸೆಯನ್ನು ಕಪಾಟಿಗೆ ಸೇರಿಸಿ, ಔಷಧಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ.

ಪ್ರಶ್ನೆ (ಶಿಕಾರಿಪುರದ ಹಿರಿಯರು): ಇಷ್ಟೆಲ್ಲ ಯಾಕೆ ಡಾಕ್ಟರೇ? ಕುದುರೆ ಬಾಲದ ಕೂದಲು ಬಿಗಿಯಾಗಿ ಕಟ್ಟಿದರೆ ಎಂಟು ದಿನದಲ್ಲಿ ಉದುರುತ್ತದೆ. ನನ್ನ ಕತ್ತಿನಲ್ಲಿದ್ದ ನಾಲ್ಕು ಹೀಗೆಯೇ ಹೋದವು.

ಉತ್ತರ: ಹೋಗಿರಬಹುದು ಸರ್, ನಂಬುತ್ತೇನೆ. ಆದರೆ ನಿಮ್ಮ ಕತ್ತಿನಲ್ಲಿದ್ದವು ಮೆತ್ತಗೆ, ತೊಟ್ಟು ಇದ್ದು, ಜೋತಾಡುತ್ತಿದ್ದವಲ್ಲವೇ? ಅವನ್ನೂ ನಾವು ನರಹುಲಿ ಎಂದೇ ಕರೆಯುತ್ತೇವೆ. ಅವು ವೈರಸ್ಸಿನವಲ್ಲ, ಬರಿಯ ಚರ್ಮದ ಕುಡಿಗಳು. ತೊಟ್ಟಿಗೆ ಕೂದಲು ಬಿಗಿದರೆ ರಕ್ತ ನಿಂತು ಒಣಗಿ ಬೀಳುತ್ತವೆ. ಈ ಹುಡುಗನ ನರಹುಲಿಗೆ ತೊಟ್ಟೇ ಇಲ್ಲ, ಕೂದಲು ಕಟ್ಟುವುದೆಲ್ಲಿಗೆ? ಕುಡಿಗಳಿಗಾದರೂ ನಾನು ಕೂದಲು ಒಪ್ಪುವುದಿಲ್ಲ, ಕೀವಾಗಿ ಬಂದವರನ್ನು ನೋಡಿದ್ದೇನೆ. ಕತ್ತಿನಲ್ಲಿ ಕುಡಿಗಳು ಹೆಚ್ಚಿದ್ದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ, ಎರಡೂ ಜೊತೆಗೆ ಕಾಣಿಸಿಕೊಳ್ಳುವುದುಂಟು.

ಹರಕೆ ಹೊತ್ತು ವಾಸಿಯಾದವರೂ ಇಲ್ಲಿ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ತಾನಾಗಿಯೇ ಹೋಗುವ ಕಾಯಿಲೆಯಲ್ಲಿ ಕೊನೆಗೆ ಮಾಡಿದ ಮದ್ದಿಗೇ ಹೆಸರು. ಆ ಹೆಸರಿನಲ್ಲಿ ನನ್ನಂಥ ವೈದ್ಯರಿಗೂ ಪಾಲು ಸಿಕ್ಕಿದೆ.

ಪ್ರಶ್ನೆ (ಹೊಸನಗರ ಕಡೆಯ ಅಡಿಕೆ ಬೆಳೆಗಾರರು): ನನಗೆ ಐವತ್ತಾರು. ಅಂಗಾಲಿನಲ್ಲಿ ಆಣಿ ಇದೆ. ಬ್ಲೇಡಿನಿಂದ ಎರಡು ಸಲ ಕೆತ್ತಿದೆ, ಮತ್ತೆ ಬಂತು. ಆಣಿ ಪಟ್ಟಿ ಅಂಟಿಸಬೇಕೆಂದಿದ್ದೇನೆ. ಇದೂ ನರಹುಲಿ ಇರಬಹುದೇ? ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ.

ಉತ್ತರ: ಕೊನೆಯ ಸಾಲನ್ನು ನೀವು ಮೊದಲು ಬರೆಯಬೇಕಿತ್ತು! ಪಟ್ಟಿಯೂ ಬೇಡ, ಬ್ಲೇಡೂ ಬೇಡ. ಆಣಿ ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ 40 ಶೇಕಡಾದ ಸ್ಯಾಲಿಸಿಲಿಕ್ ಆಮ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿದ್ದರೆ ಸುಟ್ಟಿದ್ದೇ ತಿಳಿಯುವುದಿಲ್ಲ. ಅದೇ ಕಾಲಿನಲ್ಲಿ ತೋಟದ ಕೆಸರಿಗೆ ಇಳಿಯುತ್ತೀರಿ.

ಆಣಿಯೋ ನರಹುಲಿಯೋ ಎಂದು ಬೆಳಕಿನಲ್ಲಿ ನೀವೇ ನೋಡಬಹುದು. ಆಣಿಯ ಮೇಲೆ ಪಾದದ ಗೆರೆಗಳು ಮುಂದುವರಿದಿರುತ್ತವೆ, ನೇರ ಒತ್ತಿದರೆ ನೋವು. ನರಹುಲಿಯಾದರೆ ಗೆರೆಗಳು ಅದರ ಅಂಚಿಗೆ ಬಂದು ಕಡಿದುಹೋಗುತ್ತವೆ, ಕಪ್ಪು ಚುಕ್ಕೆಗಳಿರುತ್ತವೆ, ಎರಡು ಬದಿಯಿಂದ ಹಿಂಡಿದರೆ ಹೆಚ್ಚು ನೋವು. ನೋಡಿ ಸುಮ್ಮನಿರಿ, ಮುಟ್ಟುವ ಕೆಲಸ ವೈದ್ಯರಿಗೆ ಬಿಡಿ. ಶಿವಮೊಗ್ಗಕ್ಕೆ ಬರುವುದಿದ್ದರೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹತ್ತಿರದ ಸರ್ಕಾರಿ ವೈದ್ಯರಿಗೆ ತೋರಿಸಿದರೂ ಸರಿ.

ಪ್ರಶ್ನೆ (ಸಾಗರದ ಯುವಕ): ಗಡ್ಡದ ಜಾಗದಲ್ಲಿ ಚಪ್ಪಟೆಯಾದ ಸಣ್ಣ ಸಣ್ಣವು ಸಾಲಾಗಿ ಎದ್ದಿವೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಸುಡಿಸಿಬಿಡಲೇ, ಅಥವಾ ಐಸ್ ಹಾಕುತ್ತಾರಂತಲ್ಲ, ಅದು ಒಳ್ಳೆಯದೇ?

ಉತ್ತರ: ಸಾಲಾಗಿ ಎಂದಿರಿ, ಅದು ರೇಜರ್ ಓಡಿದ ದಾರಿ. ಒಂದನ್ನು ಕೆರೆದ ಅಲಗು ಮುಂದಿನ ಗೀರಿನಲ್ಲಿ ವೈರಸ್ ಬಿತ್ತುತ್ತಾ ಹೋಗುತ್ತದೆ. ಸ್ವಲ್ಪ ಕಾಲ ಟ್ರಿಮ್ಮರಿನಲ್ಲಿ ಸುಧಾರಿಸಿ. ಮುಖಕ್ಕೆ ಸ್ಯಾಲಿಸಿಲಿಕ್ ದ್ರವ ಹಚ್ಚಲೇಬೇಡಿ.

ನೀವು ಹೇಳಿದ್ದು ಐಸ್ ಅಲ್ಲ, ದ್ರವ ಸಾರಜನಕ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನದು. ಹೋರಿಯ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನು ಪಶು ಆಸ್ಪತ್ರೆಯಲ್ಲಿ ಇರುತ್ತದಲ್ಲ, ಅದರಲ್ಲಿರುವುದೂ ಅದೇ. (ಹಾಗೆಂದು ಅಲ್ಲಿಗೆ ಹೋಗಿ ಬೆರಳು ಅದ್ದಬೇಡಿ.) ಕೈಕಾಲಿನ ದಪ್ಪ ನರಹುಲಿಗೆ ಅದನ್ನು ಎರಡು ಮೂರು ವಾರಕ್ಕೊಮ್ಮೆ, ಹಲವು ಸಲ ಹಾಕುತ್ತೇವೆ. ನೀರುಗುಳ್ಳೆ ಏಳುತ್ತದೆ, ನಮ್ಮ ಮೈಬಣ್ಣದವರಿಗೆ ಬಿಳಿ ಅಥವಾ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ವಿದ್ಯುತ್ತಿನಿಂದ ಸುಡುವುದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಬೇಕು, ಅಲ್ಲಿಯೂ ಕಲೆಯ ಭಯ. ಹಲವು ಕಡೆ ಎದ್ದು ಹಠ ಹಿಡಿದವಕ್ಕೆ ಒಂದೇ ನರಹುಲಿಗೆ ಎಂಎಂಆರ್ ಲಸಿಕೆಯನ್ನು (ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಕೊಡುವುದು) ಚುಚ್ಚಿ ದೇಹವನ್ನು ಎಚ್ಚರಿಸುವ ವಿಧಾನವೂ ಇದೆ. ಕೆಲವರಲ್ಲಿ ದೂರದವೂ ಉದುರುತ್ತವೆ. ಯಾವುದಕ್ಕೂ ನೂರಕ್ಕೆ ನೂರು ಎನ್ನುವ ಭರವಸೆಯಿಲ್ಲ. ನಿಮ್ಮ ಚಪ್ಪಟೆಯವಕ್ಕೆ ವೈದ್ಯರು ಬರೆದುಕೊಡುವ ಕ್ರೀಮಿನಿಂದ ಶುರು ಮಾಡುವುದು ಒಳ್ಳೆಯದು. ತಿಂಗಳೊಳಗೆ ಮಾಯವಾಗಲಿಕ್ಕಿಲ್ಲ. ನಿಶ್ಚಿತಾರ್ಥದ ಫೋಟೋದಲ್ಲಿ ಸುಟ್ಟ ಕಪ್ಪು ಕಲೆಗಿಂತ ಇವೇ ವಾಸಿ.

ಪ್ರಶ್ನೆ (ಸೊರಬದ ಶಿಕ್ಷಕಿ): ಎಚ್‌ಪಿವಿ ಎಂದರೆ ಗರ್ಭಕಂಠದ ಕ್ಯಾನ್ಸರ್ ತರುವುದಲ್ಲವೇ? ಓದಿ ಗಾಬರಿಯಾಯಿತು.

ಉತ್ತರ: ಮನೆತನ ಒಂದೇ, ಮಕ್ಕಳು ಬೇರೆ ಬೇರೆ. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರಹುಲಿ ತರುವುದು 1, 2, 4 ಮುಂತಾದವು. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18. ಹೆಣ್ಣುಮಕ್ಕಳಿಗೆ ಕೊಡುವ ಲಸಿಕೆ ಆ ಕ್ಯಾನ್ಸರನ್ನು ತಡೆಯಲು, ಅದನ್ನು ತಪ್ಪದೆ ಕೊಡಿಸಿ. ಬೆರಳಿನ ನರಹುಲಿಗೆಂದು ಅದನ್ನು ಕೊಡುವುದಿಲ್ಲ. ಗುಪ್ತಾಂಗದಲ್ಲಿ ಎದ್ದವು ಬೇರೆಯೇ ವಿಷಯ, ಮನೆಮದ್ದು ಬೇಡ, ನಾಚಿಕೆ ಬಿಟ್ಟು ವೈದ್ಯರಲ್ಲಿಗೆ ಹೋಗಿ. ಹಾಗೆಯೇ ಐವತ್ತು ದಾಟಿದವರಲ್ಲಿ ಹೊಸದಾಗಿ ಎದ್ದು ಬೇಗ ಬೆಳೆಯುವ, ಒಡೆದು ರಕ್ತ ಒಸರುವ ಗಂಟನ್ನು ನರಹುಲಿ ಎಂದು ನೀವೇ ತೀರ್ಮಾನಿಸಬೇಡಿ.

ಪ್ರಶ್ನೆ (ಹೆಸರು ಬೇಡ): ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಒಬ್ಬರ ಎರಡೂ ಕೈಗಳಲ್ಲಿ ನರಹುಲಿಗಳಿವೆ. ಉಳಿದವರು ಪಕ್ಕದಲ್ಲಿ ಕೂರಲು ಹಿಂಜರಿಯುತ್ತಾರೆ. ಈ ಸುಗ್ಗಿಗೆ ಬರಬೇಡಿ ಎನ್ನುವುದೇ?

ಉತ್ತರ: ಖಂಡಿತ ಬೇಡ. ಪಕ್ಕದಲ್ಲಿ ಕುಳಿತರೆ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡರೆ ಇದು ಬರುವುದಿಲ್ಲ. ಸುಲಿಯುವ ಕೈ ಹೇಗಿರುತ್ತದೆಂದು ನಿಮಗೆ ಗೊತ್ತು: ಹಸಿ ಅಡಿಕೆಯ ರಸದಲ್ಲಿ ಕಪ್ಪಾಗಿ, ಬೆರಳ ಸಂದಿಯೆಲ್ಲ ಬಿರಿದು, ಮೆಟ್ಟುಗತ್ತಿ ತಾಗಿದ ಗೀರುಗಳು ದಿನಕ್ಕೆರಡು. ಅಪಾಯ ಆ ಗೀರುಗಳಲ್ಲಿದೆ, ಆ ಹೆಂಗಸಿನಲ್ಲಲ್ಲ. ಅವರಿಗೆ ಅವರದೇ ಕತ್ತಿ ಮತ್ತು ಕೈ ಒರೆಸುವ ಬಟ್ಟೆ ಇರಲಿ. ನರಹುಲಿಗಳ ಮೇಲೆ ಬ್ಯಾಂಡೇಜ್ ಟೇಪ್ ಸುತ್ತಿಕೊಳ್ಳಲಿ. ಎಲ್ಲರಿಗೂ ಕೆಲಸ ಮುಗಿದ ಮೇಲೆ ತೊಳೆಯಲು ಸೋಪು, ಸವರಲು ಕೊಬ್ಬರಿ ಎಣ್ಣೆ ಕೊಡಿ. ಅವರ ಚಿಕಿತ್ಸೆಯ ಖರ್ಚನ್ನು ನೀವೇ ಕೊಟ್ಟರೆ ಇನ್ನೂ ಒಳ್ಳೆಯದು.

ತೀರ್ಥಹಳ್ಳಿ ಕಡೆಯ ಗೃಹಿಣಿ (ಮೂರು ತಿಂಗಳ ನಂತರ): ಮೇಡಂ, ಹತ್ತನೆಯ ವಾರಕ್ಕೆ ಎರಡು ಹೋದವು. ಮೂರನೆಯದು ನಿನ್ನೆ ಸ್ನಾನದ ಮನೆಯಲ್ಲಿ ಕಳಚಿ ಬಿತ್ತು. ಜಾಗದಲ್ಲಿ ಬೆರಳಿನ ಗೆರೆಗಳು ಮತ್ತೆ ಕಾಣುತ್ತಿವೆ. ಅತ್ತೆಯವರು ತಮ್ಮ ಸುಣ್ಣ ತಡವಾಗಿ ಕೆಲಸ ಮಾಡಿದೆ ಎನ್ನುತ್ತಿದ್ದಾರೆ. ಮಗ ಬಿದ್ದ ತುಂಡನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡು ಶಾಲೆಗೆ ಒಯ್ಯುತ್ತೇನೆ ಎಂದು ಕುಳಿತಿದ್ದಾನೆ.

ಉತ್ತರ: ಗೆರೆ ಮರಳಿ ಬಂದಿದ್ದರೆ ಔಷಧಿ ನಿಲ್ಲಿಸಿ. ಪೊಟ್ಟಣವನ್ನು ಬಚ್ಚಲ ಒಲೆಗೆ ಹಾಕಿಸಿ, ಸೋಪಿನಿಂದ ಕೈ ತೊಳೆಸಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.